ಆರು ತಿಂಗಳ ಪದರ

ಆರು ತಿಂಗಳು ಪೈಪಿನೊಳಗೆ ತೂಗುಬಿಟ್ಟಿದ್ದ ಉಕ್ಕಿನ ಪಟ್ಟಿಯನ್ನು ಕುಮುದಿನಿ ತಂದು ಪ್ರಯೋಗಾಲಯದ ಮೇಜಿನ ಮೇಲಿಟ್ಟಳು. ತುಕ್ಕು ಹಿಡಿಯುತ್ತ ಹಿಡಿಯುತ್ತಲೇ ಉಕ್ಕು ಮೈತುಂಬ ಬೂದುಬಣ್ಣದ ಗಟ್ಟಿ ಪದರ ಕಟ್ಟಿಕೊಂಡಿತ್ತು. ಇನ್ನು ಪೈಪನ್ನು ತುಕ್ಕಿನಿಂದ ಕಾಯುವುದು ಆ ಪದರವೇ, ಅವಳ ಪಿಎಚ್.ಡಿ.ಯನ್ನು ಕಾಯುವುದೂ ಅದೇ.

ಖುಷಿ ತಡೆಯಲಾರದೆ, ಕಸ ಗುಡಿಸುತ್ತಿದ್ದ ದ್ಯಾಮವ್ವನಿಗೂ ತೋರಿಸಿದಳು. "ನೋಡವಾ, ಉಗುರಲೆ ಎಷ್ಟ್ ಕೆರದ್ರೂ ಹೋಗವಲ್ದು!"

"ಅಯ್ಯ, ಹೌದಲ್ರೀ ಅಕ್ಕಾರ," ಎಂದು ದ್ಯಾಮವ್ವ ಮರುಗಿದಳು.

ಕುಮುದಿನಿ ಓಡಿಹೋಗಿ, ಪಾಠ ಮುಗಿಯುವವರೆಗೆ ಕಾದು, ಗೈಡನ್ನು ಕರೆತಂದಳು. ಅವರು ಕನ್ನಡಕ ಏರಿಸಿ ಮೇಜಿನತ್ತ ಬಗ್ಗಿದರು. ಪಟ್ಟಿಯಲ್ಲಿ ಅವರ ಮುಖವೇ ಫಳಫಳ ಹೊಳೆಯಿತು.

"ಎಲ್ಲೈತವಾ ನಿನ್ನ ಪದರ?"

ಬಾಗಿಲಲ್ಲಿ ದ್ಯಾಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಕ್ಕಳು. "ಉಗುರಿಗೆ ಎಲ್ಲಿ ಹೋಗತೈತ್ರಿ ಅಕ್ಕಾರ? ಹುಣಸಿಹಣ್ಣ ಹಚ್ಚಿ ತಿಕ್ಕಬೇಕ್ರಿ!"