ದೆವ್ವದ ಪಿಕ್ಚರ್ ನೋಡಿ ಬಂದ ಅತ್ತೆ

ಮೈದಾ ಅಂಟಿನ ವಾಸನೆ ಬಂದರೆ ಈಗಲೂ ನನ್ನ ನೆತ್ತಿ ಬಿಗಿಯುತ್ತದೆ.

ನಮ್ಮ ಹಲಸೂರಿನ ವಠಾರದಲ್ಲಿ ಇಂಗ್ಲಿಷ್ ದೆವ್ವದ ಪಿಕ್ಚರುಗಳನ್ನು ನೋಡುತ್ತಿದ್ದವಳು ಅಪ್ಪನ ತಂಗಿ ಸರಳತ್ತೆ ಒಬ್ಬಳೇ. ಶನಿವಾರ ಮ್ಯಾಟಿನಿ ಮುಗಿಸಿ ಬಂದು, ನನ್ನ ಜಡೆಯನ್ನು ಎಳೆದೆಳೆದು ಹೆಣೆಯುತ್ತ, ಅಕ್ಕಿ ಆರಿಸುವ ಹೆಂಗಸರಿಗೆಲ್ಲ ಕಥೆ ಹೇಳಿ ತೀರ್ಪು ಕೊಡುತ್ತಿದ್ದಳು.

"ಮೊದಲರ್ಧ ಬರೀ ಬೋರು. ದೆವ್ವ ಎದ್ಮೇಲೆ ನೋಡ್ಬೇಕು! ಆದ್ರೆ ರಕ್ತ ಮಾತ್ರ ಥೇಟ್ ಟೊಮ್ಯಾಟೊ ಸಾರು," ಎಂದಳು ಆ ದಿನ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನ ಅಪ್ಪನ ಜೊತೆ ರಸೆಲ್ ಮಾರುಕಟ್ಟೆಗೆ ಹೋಗಿದ್ದಾಗ, ಅದೇ ಪಿಕ್ಚರಿನ ಪೋಸ್ಟರ್ ಮೇಲೆ ಒಬ್ಬ ಬಿಸಿ ಅಂಟು ಬಳಿಯುತ್ತಿದ್ದ. "ದೆವ್ವ ನಿನ್ನೆಗೇ ಖಾಲಿ, ಪಾಪು. ಇವತ್ತಿಂದ ಕತ್ತಿ ಫೈಟಿಂಗು," ಎಂದಿದ್ದ.

"ಅಲುಗಾಡ್ಬೇಡ್ವೇ," ಎಂದು ಅತ್ತೆ ಜಡೆ ಜಗ್ಗಿದಳು.

ಅಮ್ಮ ಮೊರದಿಂದ ತಲೆ ಎತ್ತಿದಳು. "ಅಷ್ಟು ಚೆನ್ನಾಗಿದ್ರೆ ನಾಳೆ ನಾವೂ ಹೋಗೋಣ. ನೀನೂ ಇನ್ನೊಂದ್ಸಲ ಬಾ, ಸರಳಾ."

ಅತ್ತೆಯ ಬೆರಳುಗಳು ನಿಂತವು.

"ನಾಳೆ ಇರಲ್ಲಮ್ಮ," ಎಂದೆ. "ಇವತ್ತೇ ಕೊನೇ ಆಟ ಅಂತೆ. ಪೋಸ್ಟರ್ ಅಂಟಿಸೋನು ಹೇಳ್ದ."

ಹೆಂಗಸರು ಛೇ ಎಂದು ಮತ್ತೆ ಅಕ್ಕಿಗೆ ಬಗ್ಗಿದರು. ಉಳಿದ ಅರ್ಧ ಜಡೆಯನ್ನು ಅತ್ತೆ ಒಂದು ಕೂದಲೂ ಎಳೆಯದಂತೆ ಹೆಣೆದಳು.