ಬಚ್ಚಲೊಲೆ ಕಿತ್ತ ದಿನ

ಒಲೆ ಹೂಡುವ ಬೂದೆಮ್ಮ ಹಿತ್ತಲ ಬಾಗಿಲಲ್ಲಿ ಕೆರೆಮಣ್ಣಿನ ಬುಟ್ಟಿ ಇಳಿಸಿ, ಒಳಗಿನಿಂದ ಅಪ್ಪಣೆ ಬರಲೆಂದು ಕಾಯುತ್ತ ನಿಂತಳು. ಬಚ್ಚಲೊಲೆ ಕಿತ್ತು ಹೊಸದು ಹೂಡಬೇಕೋ ಬೇಡವೋ ಎಂದು ಹೇಳಬೇಕಾದವರು ವಕೀಲ ವಿಠ್ಠಲರಾಯರ ತಾಯಿ. ಮುದುಕಿ ಜಪದ ಸರ ಕೆಳಗಿಡದೆ ಹಿರಿಸೊಸೆ ಸತ್ಯಭಾಮಾಬಾಯಿಯನ್ನು ಒಂದೇ ಮಾತು ಕೇಳಿದರು: ಕಿರಿಯವಳು ಹೊರಗೆ ಕೂತದ್ದು ಖರೆಯೇನು? ಖರೆ. ಜಯಾಬಾಯಿ ಬೆಳಿಗ್ಗೆಯೇ ಕಂಬಳಿ, ತಂಬಿಗೆ ಹಿಡಿದು ಕೊಟ್ಟಿಗೆಯ ಪಕ್ಕದ ಕೋಣೆ ಸೇರಿದ್ದಳು. ತಿಂಗಳ ಮೂರು ದಿನ ಆಕೆಯನ್ನು ಮನೆಯಲ್ಲಿ ಯಾರೂ ಮುಟ್ಟುವಂತಿಲ್ಲ. ಎರಡು ಹೆಣ್ಣಿನ ಮೇಲೆ ಒಂದು ಗಂಡಿಗಾಗಿ ಬಾಯಿಬಿಟ್ಟುಕೊಂಡಿದ್ದ ಮುದುಕಿಯ ಮುಖ ಸಪ್ಪಗಾಯಿತು. ಹಾಗಾದರೆ ಕೀಳಲಿ ಎಂದು ಮತ್ತೆ ಜಪಕ್ಕೆ ಕೂತರು.

ಬಸುರಿ ಇದ್ದ ಮನೆಯಲ್ಲಿ ಒಲೆ ಕೀಳಬಾರದು, ಹೂಡಬಾರದು, ಹೊಟ್ಟೆಯೊಳಗಿನ ಜೀವಕ್ಕೆ ಕೇಡು ಎಂದು ಆ ಓಣಿಯಲ್ಲಿ ಎಲ್ಲರೂ ನಂಬಿದ್ದರು. ರಾಯಚೂರಿನ ಮಂದಿಯೆಲ್ಲ ದೀಪಾವಳಿಗೆ ಮುಂಚೆ ಬಚ್ಚಲೊಲೆಯ ಮಸಿ ಕೆರೆದು, ಬಿರುಕು ಮೆತ್ತಿ ಚಳಿಗೆ ಸಜ್ಜಾಗುತ್ತಿದ್ದರೆ, ಈ ಮನೆಯ ಒಲೆಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಸತ್ಯಭಾಮೆಗೆ ಮಕ್ಕಳಾಗಲಿಲ್ಲವೆಂದು ರಾಯರಿಗೆ ಮಾನ್ವಿಯಿಂದ ಜಯಾಳನ್ನು ತಂದಿದ್ದರು. ತಂದ ವರ್ಷವೇ ಬಸಿರು, ಮರುವರ್ಷ ದಿನವೂ ಬಿಸಿನೀರು ಬೇಕಾದ ಬಾಣಂತಿ, ಅದರ ಮರುವರ್ಷ ಮತ್ತೆ ಬಸಿರು. ಒಲೆ ಬಿರಿದು ಬಾಯಿ ತೆರೆಯಿತು. ಹೊಗೆ ಬೆಳಕಿಂಡಿಯ ದಾರಿ ಮರೆತು ಊದುವವಳ ಮುಖಕ್ಕೇ ನುಗ್ಗತೊಡಗಿತು. ಮಹಾಯುದ್ಧ ಶುರುವಾದಾಗಿನಿಂದ ಒಣ ಕಟ್ಟಿಗೆಯೂ ತುಟ್ಟಿ, ಸಿಗುತ್ತಿದ್ದುದು ಹಸಿ ಜಾಲಿ. ನಸುಕಿನಲ್ಲೆದ್ದು ಅದನ್ನು ಊದುವವರು ಯಾರು? ಮಕ್ಕಳಿಲ್ಲದವಳೇ. ಸವತಿಯ ಮಕ್ಕಳಿಗೆ ನೀರು ಕಾಸಿ ಕಾಸಿ ಸತ್ಯಭಾಮೆಯ ಕಣ್ಣು ಮಂಜಾದವು. ಇನ್ನೊಂದು ಚಳಿಗಾಲ ಈ ಹೊಗೆ ತಾಗಿದರೆ ದೃಷ್ಟಿಯ ಆಸೆ ಬಿಡಬೇಕು ಎಂದು ಹಕೀಮ ಶಂಶುದ್ದೀನ್ ಖಡಾಖಂಡಿತವಾಗಿ ಹೇಳಿದ್ದರು. ರಾಯರು ಕೇಳಿಸಿಕೊಂಡು, ಪೇಟ ಸುತ್ತಿಕೊಂಡು ಅದಾಲತ್ತಿಗೆ ಹೋಗಿದ್ದರು.

ಹಿತ್ತಲಲ್ಲಿ ಹಾರೆಯ ಸದ್ದು ಕೇಳಿದಾಗ ಸತ್ಯಭಾಮೆಗೆ ಎಲ್ಲಿಲ್ಲದ ಸಂತೋಷವಾಯಿತು. ಸವತಿ ಹೊರಗೆ ಕೂತದ್ದಕ್ಕೆ ಇಷ್ಟು ಹಿಗ್ಗುವುದೇ ಎಂದು ನಾಚಿಕೆಯೂ ಆಯಿತು. ಹಂಡೆ ಅಂಗಳಕ್ಕೆ ಬಂತು, ಒಲೆಯ ಒಂದು ಮಗ್ಗುಲು ಕುಸಿಯಿತು. ಆಕೆ ಅನ್ನ, ಹುಳಿ ಬಡಿಸಿದ ಎಲೆ ಹಿಡಿದು ಕೊಟ್ಟಿಗೆಯ ಕಡೆ ನಡೆದಳು.

ಹೊಸ್ತಿಲ ಹೊರಗೆ ನಿಂತೇ ಬಾಗಿ ಎಲೆಯನ್ನು ಒಳಗೆ ಸರಿಸಿದಳು. ಇಂಗಿನ ಒಗ್ಗರಣೆಯ ವಾಸನೆ ಬಡಿದದ್ದೇ ತಡ, ಜಯಾ ಬಾಯಿಗೆ ಸೆರಗು ಒತ್ತಿಕೊಂಡು ಮೂಲೆಗೆ ಓಡಿ ಓಕರಿಸಿದಳು. ಎರಡು ಬಸಿರಿನಲ್ಲೂ ಅವಳ ವಾಂತಿ ಬಳಿದವಳು ಸತ್ಯಭಾಮೆಯೇ. ಇನ್ನು ಬಿಡಿಸಿ ಹೇಳಬೇಕಾದ್ದು ಏನೂ ಇರಲಿಲ್ಲ.

"ಜಯಾ, ನೀ ಹೊರಗ ಆಗಿಲ್ಲ."

ಜಯಾ ಬಾಯಿ ಒರೆಸಿಕೊಂಡಳು. "ಇಲ್ಲರಿ ಅಕ್ಕಾ. ತಿಂಗಳು ತಪ್ಪ್ಯದ."

"ಮತ್ತ ಸುಳ್ಳ ಯಾಕ ಕೂತಿ? ಅಲ್ಲಿ ಬೂದೆಮ್ಮ ಒಲಿ ಕೀಳಾಕತ್ಯಾಳ."

"ಕೀಳ್ಲಿ ಅಂತನೇ ಕೂತೀನ್ರಿ. ಹೋದ ವಾರ ಅಂಗಳದಾಗ ನನ್ನ ಕೂಸು ಅಂಬೆಗಾಲಿಟ್ಟು ನಿಮ್ಮ ಕಡೀನೇ ಬರಾಕತ್ತಿತ್ತು. ನೀವು ಕಾಣದ ದಾಟಿ ಹೋದ್ರಿ."

ಸತ್ಯಭಾಮೆ ಬಡಬಡನೆ ಏನೇನೋ ಅಂದಳು. ಹುಚ್ಚಿ, ಎಂಥ ಕೆಲಸ ಮಾಡಿದೆ, ನಾಳೆ ಹೆಚ್ಚುಕಡಿಮೆಯಾದರೆ ನಾನೇ ಬೇಕೆಂದು ಒಲೆ ಕೀಳಿಸಿದೆ ಎಂದು ಓಣಿಗೆ ಓಣಿಯೇ ಆಡಿಕೊಳ್ಳುತ್ತದೆ, ಈಗಲೇ ಹೋಗಿ ನಿಲ್ಲಿಸುತ್ತೇನೆ ಎಂದು ಹೊರಟೂಬಿಟ್ಟಳು. ಅರ್ಧ ಕಿತ್ತ ಒಲೆಯನ್ನು ಹಾಗೇ ಬಿಟ್ಟರೆ ಕೇಡು ತಪ್ಪುತ್ತದೆಯೇ ಎಂದು ಜಯಾ ಕೇಳಿದಳು. ಬರುವ ತಿಂಗಳು ತಾನು ಹೊರಗೆ ಕೂಡುವುದಿಲ್ಲ, ಆಗ ಎಲ್ಲರಿಗೂ ಗೊತ್ತಾಗುತ್ತದೆ, ಅಲ್ಲಿಯವರೆಗೆ ನೀವೊಬ್ಬರು ಸುಮ್ಮನಿದ್ದರೆ ಸಾಕು ಎಂದಳು. ಅಷ್ಟು ಗಟ್ಟಿಯಾಗಿ ಮಾತಾಡಿದವಳು ಕಡೆಗೆ ಸಣ್ಣ ದನಿಯಲ್ಲಿ, "ನಂಗೂ ಅಂಜಿಕಿ ಅದರಿ ಅಕ್ಕಾ," ಎಂದಳು. ಹಾಗೆನ್ನುತ್ತಲೇ ಮತ್ತೆ ಓಕರಿಕೆ ಬಂತು, ಕೂತಲ್ಲೇ ಬಾಗಿದಳು. ಸತ್ಯಭಾಮೆ ಮಡಿಸೀರೆಯಲ್ಲೇ ಹೊಸ್ತಿಲು ದಾಟಿ ಎರಡೂ ಕೈಯಿಂದ ಅವಳ ಹಣೆ ಹಿಡಿದುಕೊಂಡಳು.

ಅದೇ ಹೊತ್ತಿಗೆ ಒಲೆಯ ಕೆಲಸ ನೋಡಲು ಬಂದ ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತಿದ್ದರು.

"ಸತ್ಯಾ, ಆಕೀನ ಮುಟ್ಟಿದೇನು?"

ಖರೆ ಹೇಳಿದರೆ ಮೈಲಿಗೆ ಇಲ್ಲ, ಹೊಸ ಒಲೆಯೂ ಇಲ್ಲ. ಸತ್ಯಭಾಮೆಯ ಅಂಗೈಯಲ್ಲಿ ಜಯಾಳ ಹಣೆ ಬೆವೆತು ನಡುಗುತ್ತಿತ್ತು. ಈವರೆಗೆ ಅತ್ತೆಯ ಮುಂದಾಗಲಿ ದೇವರ ಮುಂದಾಗಲಿ ಮಡಿಯ ವಿಷಯದಲ್ಲಿ ಆಕೆ ಸುಳ್ಳಾಡಿದವಳಲ್ಲ.

"ಹೂಂರಿ, ಮುಟ್ಟೀನಿ. ಆಕೀಗೆ ಪಿತ್ತ ಆಗ್ಯದ."

ಹಾಗಾದರೆ ಒಳಗೆ ಕಾಲಿಡಬೇಡ, ತಲೆಯ ಮೇಲೆ ನೀರು ಹಾಕಿಕೊಂಡು ಬಾ ಎಂದರು ಅತ್ತೆ. ಹಂಡೆ ಅಂಗಳದಲ್ಲಿತ್ತು, ಬಿಸಿನೀರು ಎಲ್ಲಿಂದ ಬರಬೇಕು? ಸತ್ಯಭಾಮೆ ಬಾವಿಗೆ ಹೋಗಿ ಸೇದಿದಳು. ಪಕ್ಕದಲ್ಲೇ ಮಣ್ಣು ತುಳಿಯುತ್ತಿದ್ದ ಬೂದೆಮ್ಮ, ಬಾಯಾರ, ನೀರು ಭಾಳ ತಣ್ಣಗದಾವ್ರಿ ಎಂದು ಮರುಗಿದಳು. ಮೊದಲ ಕೊಡಕ್ಕೆ ಸತ್ಯಭಾಮೆಯ ಹಲ್ಲು ಕಟಕಟ ಎಂದವು. ಅತ್ತೆ ಬಾಗಿಲು ಬಿಟ್ಟು ಕದಲದೆ ಸೀರೆ, ಕೂದಲು ಪೂರಾ ನೆನೆಯುವವರೆಗೂ ನೋಡಿದರು.

"ಸಾಕು ಬಾ," ಎಂದರು. "ಶುದ್ಧ ಆದಿ."

ಸತ್ಯಭಾಮೆ ಹಗ್ಗ ಇಳಿಬಿಟ್ಟು, ಆಡಿದ ಸುಳ್ಳಿಗೆಂದು ಇನ್ನೊಂದು ಕೊಡ ಸೇದಿ ತಲೆಯ ಮೇಲೆ ಸುರಿದುಕೊಂಡಳು.