ಹಣೆಯ ದೀಪಕ್ಕೆ ಕುಂಕುಮ

ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚಿಸುವ ದಿನವೇ ಹುಬ್ಬುಗಳ ನಡುವೆ, ಚರ್ಮದಡಿ, ಸಾಸಿವೆಯಷ್ಟು ದೀಪವನ್ನೂ ಕೂರಿಸುತ್ತಾರೆ. ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗಿದರೆ ಅದು ಕೆಂಪಗೆ ಹೊತ್ತಿಕೊಳ್ಳುತ್ತದೆ. ಆರುವವರೆಗೆ ಆಟವಿಲ್ಲ, ಓಟವಿಲ್ಲ. ಇದು ಅಂಗನವಾಡಿ ಮಕ್ಕಳಿಗೂ ಗೊತ್ತು. ಕಬಡ್ಡಿ ಕೋಚ್ ಚಿಕ್ಕಬೋರಯ್ಯನಿಗೆ ಗೊತ್ತಿಲ್ಲವೇ? ಗೊತ್ತಿರುವುದಕ್ಕೇ ಪ್ರತಿ ಪಂದ್ಯಕ್ಕೂ ಮೊದಲು ಎಲ್ಲ ಆಟಗಾರರ ಹಣೆಗೆ ದಪ್ಪಗೆ ಕುಂಕುಮ ಬಳಿಯುತ್ತಾನೆ. ದೇವರ ಪ್ರಸಾದವಂತೆ! ಕೆಂಪಿನ ಕೆಳಗೆ ಕೆಂಪು ಹೊತ್ತಿದರೆ ಅಂಪೈರಿಗೆ ಏನು ಕಂಡೀತು?

ಫೈನಲ್‌ನಲ್ಲಿ ನನ್ನ ಗಂಡ ಪುಟ್ಟಮಾದನ ತಲೆಗೆ ಎದುರಾಳಿಯ ಮೊಣಕಾಲು ಬಡಿಯಿತು. ಎದ್ದವನು ತಡವರಿಸುತ್ತಾ ಹೋಗಿ ಎದುರು ತಂಡದವರ ಸಾಲಿನಲ್ಲಿ ನಿಂತ. ಜನ ನಕ್ಕರು. ನಾನು ನೀರಿನ ಬಾಟಲಿಯಿಂದ ಸೆರಗು ಒದ್ದೆ ಮಾಡಿಕೊಂಡು ಅಂಕಣಕ್ಕೆ ನುಗ್ಗಿದೆ.

"ಮುಂದಿನ್ ರೇಡು ಅವುಂದೇ, ಆಚೆ ಹೋಗವ್ವ!" ಎಂದು ಕೋಚ್ ಕೂಗಿದ.

"ಚೆನ್ನಾಗಿವ್ನಿ, ಬುಡಿ," ಎಂದ ಪುಟ್ಟಮಾದ. ನನ್ನನ್ನು ಯಾರೋ ಎಂಬಂತೆ ನೋಡುತ್ತಿದ್ದ.

ಸೆರಗನ್ನು ಅವನ ಹಣೆಗೆ ಒತ್ತಿದೆ. ಕೋಚ್ ಓಡಿಬಂದು ನನ್ನ ಕೈ ಹಿಡಿದ.

"ಕುಂಕುಮ ಒರೆಸ್ತಿಯಾ? ಅಪಶಕುನ ಕಣವ್ವ!"

"ನನ್ ಗಂಡನ್ ಹಣೇಲಿ ನಿನ್ ಕುಂಕುಮ ಉಳುದ್ರೆ, ನನ್ ಹಣೇಲಿರೋದು ಉಳಿಯಾಕಿಲ್ಲ. ಬುಡು ಕೈಯ!"

ಒರೆಸಿದೆ. ದೀಪ ಕೆಂಡದಂತೆ ಉರಿಯುತ್ತಿತ್ತು. ಗ್ಯಾಲರಿಯ ನಗು ನಿಂತಿತು. ಆಮೇಲೆ, ಇನ್ನೊಬ್ಬ ಆಟಗಾರನ ತಾಯಿ ಸೆರಗು ಒದ್ದೆ ಮಾಡಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದಳು.